‘ತಡಿ’ ಅನ್ನುವ ಕರಿ ಗುಂಡಿ

ಕಳೆದ ತಿಂಗಳು ನನ್ನ ಅಂಗಡಿಯಲ್ಲಿ ಸೊಸೆಯೊಬ್ಬಳು ತನ್ನ ಮಾವನ ಮೇಲೆ ಕೊಲೆಯ ಆರೋಪ ಹೊರಿಸಿದಳು. ಸತ್ತವರು ಒಬ್ಬಿಬ್ಬರಲ್ಲ. ಅವರಲ್ಲಿ ಯಾರೂ ಇನ್ನೂ ಹುಟ್ಟಿರಲೂ ಇಲ್ಲ.

“ನಮ್ಮ ಮಾವಾರ ಕೊಂದಾರ್ರಿ ಅಣ್ಣಾರ. ಒಡದು ನೋಡೇನಿ. ಕಣ್ಣ ಮೂಡಿದ್ದುವು, ಕೊಕ್ಕ ಮೂಡಿದ್ದುವು. ಇನ್ನೇನ ಹೊರಗ ಬರಬೇಕು, ಅಷ್ಟರಾಗ ಥಂಡಾಗಿ ಹೋದ್ವು.”

ಕೋಳಿ ಹೂಮರಿಗಳ ಮಾತು. ಹೇಳುತ್ತಿದ್ದವಳು ನೀಲವ್ವ, ಮೂಡಲಗಿ ಹತ್ತಿರದ ಒಂದು ಹಳ್ಳಿಯವಳು. ಮನೆಯಲ್ಲಿ ಜವಾರಿ ಕೋಳಿ ಸಾಕುತ್ತಾಳೆ. ಹೋದ ವರ್ಷ ಕಣಗಲಾ ಕಡೆಯ ಒಬ್ಬರಿಂದ ತತ್ತಿಗೆ ಕಾವು ಕೊಡುವ ಮಷಿನ್ ತಂದಿದ್ದಳು. ಇಂಗ್ಲಿಷಿನಲ್ಲಿ ಅದಕ್ಕೆ ಇನ್‌ಕ್ಯುಬೇಟರ್ ಎಂದು ಹೆಸರು. ಅವಳ ಬಾಯಲ್ಲಿ ಅದು ಕಾವಿನ ಪೆಟ್ಟಿಗಿ. ಅವಳ ಮಾವನ ಬಾಯಲ್ಲಿ ‘ಪುಕ್ಕಾ ಇಲ್ಲದ ಕೋಳಿ’.

ನನ್ನ ಟೇಬಲ್ ಮೇಲೆ ಅವಳು ಇಟ್ಟದ್ದು ಇಡೀ ಪೆಟ್ಟಿಗೆಯಲ್ಲ, ಅದಕ್ಕೆ ಕರೆಂಟ್ ಕೊಡುವ ತಗಡಿನ ಡಬ್ಬಿ. ಪವರ್ ಸಪ್ಲೈ. ಒಳಗಿನ ಫ್ಯೂಸ್ ಹಾರಿತ್ತು.

“ತತ್ತಿ ಎಲ್ಲಿ ಬಿಟ್ಟು ಬಂದಿಯವ್ವ?” ಎಂದೆ.

“ಕಂಬಳಿ ಹೊಚ್ಚಿ, ಸುತ್ತ ಬಿಸಿನೀರಿನ ಬಾಟ್ಲಿ ಇಟ್ಟು, ನಮ್ಮ ಅತ್ತೀನ ಕುಂದರಿಸಿ ಬಂದೇನ್ರಿ. ಲಗೂನ ಮಾಡ್ರಿ. ಈ ಸಲಾನೂ ಮರಿ ಹೋದ್ರ ಪೆಟ್ಟಿಗಿ ತಿರುಗಿ ಕಣಗಲಾಕ್ಕ ಕಳಸ್ತೇನಿ ಅಂದಾರ ನಮ್ಮ ಮನಿಯವ್ರು. ಕಳಿಸಿಬಿಟ್ರ ಮುಗೀತು. ಇನ್ನೊಂದು ತರಾಕ ಈ ಜನ್ಮದಾಗ ಬಿಡಂಗಿಲ್ಲ.”

ಮಾವ ಏನು ಮಾಡಿದ ಎಂದು ಕೇಳಿದೆ. ಹಿಂದಿನ ಸಲ ತತ್ತಿ ಇಟ್ಟಾಗ ನೀಲವ್ವ ಹುಕ್ಕೇರಿಯ ತವರಿಗೆ ಲಗ್ನಕ್ಕೆ ಹೋಗಿದ್ದಳಂತೆ. ಅತ್ತೆಯೂ ಜೊತೆಗೆ. ಗಂಡ ಟ್ರ್ಯಾಕ್ಟರ್ ತೆಗೆದುಕೊಂಡು ಬಾಡಿಗೆಗೆ. ಮನೆಯಲ್ಲಿ ಮಾವ ಒಬ್ಬನೇ. ಇವಳು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ತಣ್ಣಗೆ ಕಲ್ಲು.

“ಹಂಗಂತ ಕೊಂದಾನ ಅಂದ್ರ ಹೆಂಗ?”

“ನಾ ಕಣ್ಣಲೇ ನೋಡೇನ್ರಿ. ಕರೆಂಟ್ ಹೋಗಿ ಬಂದ್ರ ಸಾಕು, ಎದ್ದು ಹೋಗಿ ಸ್ವಿಚ್ ಟಕಾಟಕಿ ಆಡಸ್ತಾರ. ಆಫ್, ಆನ್, ಆಫ್, ಆನ್. ಯಾಕ್ರಿ ಮಾವಾರ ಅಂದ್ರ, ‘ನೋಡಾಕ’ ಅಂತಾರ. ಅವ್ರು ನೋಡಿದಾಗೊಮ್ಮೆ ಫ್ಯೂಸ್ ಹಾರ್ತೈತಿ. ಪೆಟ್ಟಿಗಿ ಬಂದ ದಿನದಿಂದ ಅವ್ರಿಗೆ ಅದನ್ನ ಕಂಡ್ರ ಆಗಂಗಿಲ್ಲ.”

ನಾನು ನಕ್ಕೆ. ಸ್ವಿಚ್ ಇರುವುದೇ ಆಡಿಸಲಿಕ್ಕೆ. ಆಫ್ ಮಾಡಿ ಆನ್ ಮಾಡಿದರೆ ಕೆಡುವ ಮಷಿನ್ ಮಷಿನ್ನೇ ಅಲ್ಲ ಎಂದು ಅವಳಿಗೆ ದೊಡ್ಡ ಭಾಷಣ ಮಾಡಿದೆ. (ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಕೈಗೆ ಬಂದ ಡಬ್ಬಿಯನ್ನು ಬಿಚ್ಚದೆ ಬಿಟ್ಟವನಲ್ಲ. ಗೋಕಾಕದಲ್ಲಿ ನನ್ನ ಅಂಗಡಿಗೆ ಬೋರ್ಡಿಲ್ಲ, ಆದರೂ ಜನ ಹುಡುಕಿಕೊಂಡು ಬರುತ್ತಾರೆ. ಇದನ್ನು ಆಗಾಗ ಬರೆಯುತ್ತೇನೆಂದು ನಿಮ್ಮಲ್ಲಿ ಕೆಲವರಿಗೆ ಬೇಸರವಿದೆ. ಇರಲಿ.) ಹೊಸ ಫ್ಯೂಸ್ ಹಾಕಿದೆ. ಅವಳೆದುರೇ ಓಡಿಸಿದೆ. ಇಬ್ಬರೂ ಚಹಾ ಕುಡಿಯುವ ತನಕ ಡಬ್ಬಿ ಒಂದು ಹೂಂ ಸಹ ಅನ್ನಲಿಲ್ಲ. ಕೈಯಲ್ಲಿ ಬಿಡಿ ಫ್ಯೂಸುಗಳನ್ನೂ ಕೊಟ್ಟು ಕಳಿಸಿದೆ.

ಮರುದಿನ ಬೆಳಗ್ಗೆ ಫೋನ್.

“ಅಣ್ಣಾರ, ಮತ್ತ ಹಾರೇತ್ರಿ.”

ಕೆಲಸ ಮಾಡುವವನಿಗೆ ಇದಕ್ಕಿಂತ ಕೆಟ್ಟ ಮಾತು ಬೇರೆ ಇದೆಯೇ? ಬೈದರೆ ತಡೆದುಕೊಳ್ಳಬಹುದು. ‘ಮತ್ತ’ ಅನ್ನುವ ಆ ಶಬ್ದ ಇದೆಯಲ್ಲ, ಅದು ಊಟಕ್ಕೆ ಕೂತರೂ ಎದುರು ಬಂದು ಕೂರುತ್ತದೆ.

“ಬಿಡಿ ಫ್ಯೂಸ್ ಹಾಕು. ಕರೆಂಟ್ ಹೋಗಿ ಬಂದಾಗ ಸ್ವಿಚ್ಚಿಗೆ ಯಾರೂ ಕೈ ಹಚ್ಚಬ್ಯಾಡ್ರಿ.”

“ಅದನ್ನ ಮಾವಾರಿಗೆ ನೀವ ಬಂದು ಹೇಳ್ರಿ. ನಾ ಅವ್ರ ಜೋಡಿ ಮಾತ ಬಿಟ್ಟೇನಿ.”

ಅಂದರೆ ಫ್ಯೂಸ್ ಹಾರಿದ್ದು ಡಬ್ಬಿಯೊಳಗೆ ಮಾತ್ರ ಅಲ್ಲ.

ಆ ದಿನ ಉಳಿದ ಕೆಲಸವೆಲ್ಲ ಬದಿಗಿಟ್ಟೆ. ಗುಜರಿಯಲ್ಲಿ ಅಂಥದ್ದೇ ಇನ್ನೊಂದು ಡಬ್ಬಿ ಬಿದ್ದಿತ್ತು. ಅದನ್ನು ತಂದು, ಲೋಡ್ ಬೇಕಲ್ಲ ಎಂದು ಬಲ್ಬು ಹಚ್ಚಿ, ಓಡಿಸಿದೆ. ಚೆನ್ನಾಗಿ ಓಡಿತು. ಆಫ್ ಮಾಡಿ ಒಂದು ಬೀಡಿ ಸೇದಿ ಬಂದು ಆನ್ ಮಾಡಿದೆ. ಓಡಿತು. ಆಮೇಲೆ ನೀಲವ್ವನ ಮಾವನಾದೆ. ಆಫ್, ಆನ್, ಆಫ್, ಆನ್.

ಟಪ್!

ಫ್ಯೂಸ್ ಬದಲಿಸಿದೆ. ತಡೆದು ಹಾಕಿದರೆ ಏನೂ ಇಲ್ಲ. ಅವಸರ ಮಾಡಿದರೆ ಟಪ್. ಬಾಜೂ ಮೊಬೈಲ್ ರಿಪೇರಿ ಅಂಗಡಿಯ ಇಮಾಮ್ ಸಪ್ಪಳಕ್ಕೆ ಇಣುಕಿ ನೋಡಿದ.

“ಏನ್ ಕಾಕಾ, ದೀಪಾವಳಿ ಇನ್ನೂ ದೂರ ಐತಲ್ಲ?”

ಅವನನ್ನೂ ಕರೆದು ತೋರಿಸಿದೆ. ಇಮಾಮ್ ಡಬ್ಬಿಯೊಳಗೆ ಬೆರಳಿಟ್ಟು, ಚಟ್ಟನೆ ಹಿಂದಕ್ಕೆ ಎಳೆದುಕೊಂಡ. “ಇದ ನೋಡ್ರಿ ಕಳ್ಳ. ಕರಿ ಗುಂಡಿ. ಸುಡಾಕತ್ತೈತಿ. ಕಿತ್ತ ಒಗೀರಿ, ಅಲ್ಲಿ ವೈರ್ ಕಟ್ರಿ.”

ಅಂಗಿಯ ಗುಂಡಿಯಷ್ಟೇ ದೊಡ್ಡದು, ದುಂಡಗೆ, ಕಪ್ಪಗೆ. ಎರಡು ಕಾಲು. ಕರೆಂಟ್ ಒಳಗೆ ಬರುವ ಬಾಗಿಲಲ್ಲೇ, ಫ್ಯೂಸಿನ ಪಕ್ಕದಲ್ಲೇ ಕೂತಿರುತ್ತದೆ. ಟಿವಿಯಲ್ಲಿ ಇರುತ್ತದೆ, ಎಲ್‌ಇಡಿ ಲೈಟಿನಲ್ಲಿ ಇರುತ್ತದೆ, ಕಂಪ್ಯೂಟರಿನಲ್ಲಿ ಇರುತ್ತದೆ. ಇದನ್ನು ನಾನು ಎಷ್ಟು ಬದಲಿಸಿದ್ದೇನೋ ಲೆಕ್ಕವಿಲ್ಲ. ಸುಟ್ಟರೆ ಹೊಸದು ಹಾಕುವುದು, ಮುಚ್ಚುವುದು. ಆದರೆ ಇದು ಇರುವುದಾದರೂ ಯಾಕೆ? ಇಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ನೋಡುವ ಮುಖದ ಹೆಸರು ನಮಗೆ ಗೊತ್ತಿರುತ್ತದೆಯೇ? ಹಾಗೆ.

ಇಮಾಮ್ ಹೇಳಿದಂತೆ ಕಿತ್ತೆ. ಆದರೆ ಒಗೆಯಲಿಲ್ಲ. ಆರಿದ ಮೇಲೆ ಮೀಟರ್ ಹಚ್ಚಿದೆ. ಕರೆಂಟಿಗೆ ಎಷ್ಟು ಅಡ್ಡ ಬರುತ್ತದೆ ಅನ್ನುವುದನ್ನು ಮೀಟರ್ ತೋರಿಸಿತು. ಅದನ್ನೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. ಅಂಕಿ ಮೆಲ್ಲಗೆ ಇಳಿಯತೊಡಗಿತು! ಕಾಯ್ದ ಸೋಲ್ಡರಿಂಗ್ ಕಡ್ಡಿ ತಾಗಿಸಿದೆ. ಅಂಕಿ ಜರ್ ಅಂತ ಜಾರಿ ಹೆಚ್ಚುಕಡಿಮೆ ಸೊನ್ನೆಯ ಹತ್ತಿರ ಹೋಯಿತು. ಬಿಟ್ಟೆ. ಆರುತ್ತ ಆರುತ್ತ ತಿರುಗಿ ಮೇಲೇರಿತು.

ತಣ್ಣಗಿದ್ದಾಗ ಅಡ್ಡ ನಿಲ್ಲುತ್ತದೆ. ಬಿಸಿಯಾದಾಗ ದಾರಿ ಬಿಡುತ್ತದೆ.

“ಇಮಾಮ್, ಇದು ಕೆಟ್ಟು ಬಿಸಿ ಆಗಿಲ್ಲೋ. ಬಿಸಿ ಆಗೂದ ಇದರ ಕೆಲಸ!” ಎಂದೆ. ಅವನು ತಲೆ ಕೆರೆದುಕೊಂಡು, “ಹಂಗಾರ ನಾ ಇಷ್ಟ ದಿನ ಕಿತ್ತ ಒಗದದ್ದು?” ಎಂದ. ಆ ಮಾತನ್ನು ನಾವಿಬ್ಬರೂ ಮುಂದುವರಿಸಲಿಲ್ಲ.

ನಿಮಗೆ ಬಿಡಿಸಿ ಹೇಳುತ್ತೇನೆ. ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸು ಖಾಲಿಯಾಗಿ ಬಂದು ಸ್ಟ್ಯಾಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಸಂತೆಯ ದಿನ. ಏನಾಗುತ್ತದೆ? ಬಾಗಿಲಿಗೆ ಒಮ್ಮೆಲೇ ಜನ ನುಗ್ಗುತ್ತಾರೆ. ಕಿಟಕಿಯಿಂದ ಟವೆಲ್ ಎಸೆಯುವವರು ಬೇರೆ. ಸೀಟು ತುಂಬಿದ ಮೇಲೆ ಯಾರೂ ನುಗ್ಗುವುದಿಲ್ಲ, ದಾರಿಯಲ್ಲಿ ಒಬ್ಬ ಹತ್ತುತ್ತಾನೆ, ಒಬ್ಬ ಇಳಿಯುತ್ತಾನೆ. ಅಪಾಯ ಇರುವುದು ಆ ಮೊದಲ ನುಗ್ಗಲಿನಲ್ಲಿ. ಅದಕ್ಕೇ ಜಾಣ ಕಂಡಕ್ಟರ್ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲುತ್ತಾನೆ. ಒಬ್ಬೊಬ್ಬರನ್ನೇ ಬಿಡುತ್ತಾನೆ. ಎಲ್ಲರೂ ಕೂತ ಮೇಲೆ ಬಾಗಿಲು ಬಿಟ್ಟು ಟಿಕೆಟಿಗೆ ಒಳಗೆ ಹೋಗುತ್ತಾನೆ.

ಡಬ್ಬಿಯೊಳಗೂ ಒಂದು ಖಾಲಿ ಬಸ್ಸಿದೆ, ಕೆಪ್ಯಾಸಿಟರ್ ಅಂತ. ಸ್ವಿಚ್ ಹಾಕಿದ ಕ್ಷಣದಲ್ಲಿ ಕರೆಂಟ್ ಅದರೊಳಗೆ ನುಗ್ಗುತ್ತದೆ. ಬಾಗಿಲ ಕಂಡಕ್ಟರೇ ಈ ಕರಿ ಗುಂಡಿ.

ಈಗ ಹೇಳಿ. ಬಸ್ಸು ಒಮ್ಮೆಲೇ ಖಾಲಿಯಾಗಿ, ಆ ಗಳಿಗೆಯಲ್ಲೇ ಹೊಸ ಗುಂಪು ನುಗ್ಗಿದರೆ? ಕಂಡಕ್ಟರ್ ಇನ್ನೂ ಹಿಂದಿನ ಸೀಟಿನ ಹತ್ತಿರ ಚಿಲ್ಲರೆ ಎಣಿಸುತ್ತಿದ್ದಾನೆ. ಬಾಗಿಲಲ್ಲಿ ಯಾರೂ ಇಲ್ಲ. ಕರೆಂಟ್ ತೆಗೆದ ಕೂಡಲೇ ಕೆಪ್ಯಾಸಿಟರ್ ಖಾಲಿ. ಆದರೆ ಗುಂಡಿ ಇನ್ನೂ ಬಿಸಿ. ಅದು ಆರಿ ಮತ್ತೆ ಬಾಗಿಲಿಗೆ ಬಂದು ನಿಲ್ಲುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಸ್ವಿಚ್ ಒತ್ತಿದಿರೋ, ಟಪ್. ಒಳ್ಳೆಯ ಕಂಪನಿಯ ಮಾಲಾದರೆ ಅದಕ್ಕೂ ಏನಾದರೂ ವ್ಯವಸ್ಥೆ ಮಾಡಿರುತ್ತಾರೆ. ನೀಲವ್ವನ ಡಬ್ಬಿಯ ಮೇಲೆ ಕಂಪನಿಯ ಹೆಸರೇ ಇರಲಿಲ್ಲ.

ಹಾಗಾದರೆ ಸೊಸೆ ಹೇಳಿದ್ದು ಖರೆ. ಮಾವ ನೋಡಿದಾಗೊಮ್ಮೆ ಫ್ಯೂಸ್ ಹಾರುತ್ತದೆ. ನಾನು ನಕ್ಕದ್ದು ದಂಡ. ಉಳಿದ ಪ್ರಶ್ನೆ ಒಂದೇ. ಮುದುಕ ಬೇಕೆಂದೇ ಮಾಡುತ್ತಾನೋ?

ಅದಕ್ಕೆ ಮೀಟರ್ ಇಲ್ಲ. ಹೋಗಿ ನೋಡಬೇಕು.

ಒಂದು ಹಳೆಯ ಫ್ರಿಜ್ ಸ್ಟೆಬಿಲೈಜರ್ ಬಿಚ್ಚಿದೆ. ಕರೆಂಟ್ ಬಂದರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಟಕ್ ಅಂತ ಹಚ್ಚುವ ಟೈಮರ್ ಅದರಲ್ಲಿರುತ್ತದೆ. ಗುಂಡಿ ಆರುವುದಕ್ಕೆ ಅಷ್ಟು ಹೊತ್ತು ಸಾಕು. ಆ ಟೈಮರನ್ನು ಚೀಲದಲ್ಲಿ ಹಾಕಿಕೊಂಡು ಬೈಕ್ ಹತ್ತಿದೆ.

ನೀಲವ್ವನ ಪಡಸಾಲೆಯಲ್ಲಿ ಪೆಟ್ಟಿಗೆ ಒಂದು ಮೂಲೆಯಲ್ಲಿತ್ತು. ಅದಕ್ಕೆ ಒತ್ತಿ ಒಂದು ಹೊರಸು, ಹಗ್ಗದ ಮಂಚ. ಹೊರಸಿನ ಮೇಲೆ ಬಸಪ್ಪಜ್ಜ, ಅವಳ ಮಾವ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ನೊಣ ಹೊಡೆಯುವ ಬಟ್ಟೆ. ನನ್ನನ್ನು ಮೇಲೆ ಕೆಳಗೆ ನೋಡಿದ.

“ನೀನ ಏನು ಪೊಲೀಸ? ನಮ್ಮ ಸೊಸಿ ಕಂಪ್ಲೇಂಟ್ ಕೊಟ್ಟಾಳಂತಲ್ಲ?”

“ಪೊಲೀಸ್ ಅಲ್ರಿ ಅಜ್ಜಾರ, ರಿಪೇರಿಯಂವ.”

“ಹಂಗಾರ ಚಲೋ ಆತು. ಮೊದಲ ಅಕೀನ ರಿಪೇರಿ ಮಾಡು.”

ಒಳಗಿನಿಂದ ಪಾತ್ರೆಯೊಂದು ಜೋರಾಗಿ ಸಪ್ಪಳ ಮಾಡಿತು.

ನಾನು ಕೆಲಸ ಮಾಡುತ್ತಲೇ ಕೇಳಿದೆ. “ಅಜ್ಜಾರ, ಕರೆಂಟ್ ಬಂದ ಕೂಡ್ಲೆ ಸ್ವಿಚ್ ಯಾಕ ಆಡಸ್ತೀರಿ?”

“ನೋಡಾಕ.”

“ಏನ ನೋಡಾಕ್ರಿ?”

“ಖರೇನ ಬಂತೋ ಇಲ್ಲೋ ಅಂತ ನೋಡಬೇಕಲ್ಲೋ ತಮ್ಮಾ? ನಾ ಬಾವಿ ಮ್ಯಾಲಿನ ಪಂಪ್ ನೋಡಕೊಂಡ ಮುದುಕ ಆದಂವ. ಕರೆಂಟ್ ಬಂತು ಅಂತ ಸ್ಟಾರ್ಟರ್ ಒತ್ತಿ ಹೊಲಕ್ಕ ಹೋದ್ರ, ಹಿಂದ ಪಂಪ್ ಬಂದ್ ಬಿದ್ದಿರ್ತಿತ್ತು. ಒಮ್ಮೆ ಹಚ್ಚಿ, ಆರಿಸಿ, ಮತ್ತೊಮ್ಮೆ ಹಚ್ಚಿದ ಮ್ಯಾಲೂ ಓಡ್ತು ಅಂದ್ರ ಓಡಿದಂಗ. ಒಂದ ಸಲಾ ಬಂದದ್ದನ್ನ ನಂಬಾಕ ಆಗ್ತೈತೇನ?” ಎಂದವನು ಪೆಟ್ಟಿಗೆಯ ಗಾಜನ್ನು ಬಟ್ಟೆಯಿಂದ ಒರೆಸಿದ. “ಇದರಾಗ ಜೀವ ಅದಾವು. ನಂಬಿ ಕುಂತ್ರ ನಡಿಯೂದಿಲ್ಲ.”

ಕೇಳಿದಿರಾ? ಕೊಲೆಗಾರ ಕಾವಲಿಗೆ ಕೂತಿದ್ದ.

ಪುಕ್ಕಾ ಇಲ್ಲದ ಕೋಳಿಯನ್ನು ಬೈಯುತ್ತಿದ್ದದ್ದು ಹೌದು. ಆದರೆ ಹೊರಸು ತಂದು ಅದರ ಬದಿಗೇ ಹಾಕಿಕೊಂಡದ್ದೂ ಅವನೇ. ಈ ‘ನೋಡಾಕ’ ಅನ್ನುವ ಚಟ ಬಸಪ್ಪಜ್ಜನೊಬ್ಬನದ್ದೇ? ಟಿವಿ ಹತ್ತದಿದ್ದರೆ ನಾವೇನು ಮಾಡುತ್ತೇವೆ? ಆಫ್, ಆನ್. ನೆಟ್ ಬರದಿದ್ದರೆ? ಆಫ್, ಆನ್. ಹೋಗಿ ಬರುವ ಕರೆಂಟಿನ ಕೈಯಲ್ಲಿ ಬೆಳೆದ ನಮ್ಮ ಕಡೆಯ ಬೆರಳುಗಳಿಗೆ ಒಂದು ಸಲದ ಮೇಲೆ ವಿಶ್ವಾಸವೇ ಇಲ್ಲ. ಬೀಗ ಹಾಕಿ ಜಗ್ಗಿ ನೋಡುವ ಹಾಗೆ ಸ್ವಿಚ್ ಹಾಕಿ ಜಗ್ಗಿ ನೋಡುತ್ತೇವೆ.

ಟೈಮರ್ ಕೂಡಿಸಿ, ಪರೀಕ್ಷೆಗೆ ಮೇನ್ ಸ್ವಿಚ್ ತೆಗೆದು ಮತ್ತೆ ಹಾಕಿದೆ. ಟೈಮರ್ ಸುಮ್ಮನೆ ಕಾಯತೊಡಗಿತು. ಪೆಟ್ಟಿಗೆಯ ದೀಪ ಹತ್ತಲಿಲ್ಲ. ಅಜ್ಜ ಮನೆಯ ಬಲ್ಬು ನೋಡಿದ, ಹತ್ತಿತ್ತು. ಪೆಟ್ಟಿಗೆ ನೋಡಿದ, ಕತ್ತಲು. ನಾನು ಬಾಯಿ ತೆರೆಯುವುದರೊಳಗೆ ಎದ್ದು ಹೋಗಿ ಸ್ವಿಚ್ ಆಫ್, ಆನ್ ಮಾಡಿದ. ಟೈಮರ್ ಮೊದಲಿನಿಂದ ಕಾಯಲು ಶುರುಮಾಡಿತು. ಮತ್ತೆ ಹತ್ತಲಿಲ್ಲ. ಮತ್ತೆ ಆಫ್, ಆನ್. ಹೀಗೇ ಬಿಟ್ಟಿದ್ದರೆ ಅವನು ಸಂಜೆಯ ತನಕ ಆಡಿಸುತ್ತಿದ್ದ, ಅದು ಸಂಜೆಯ ತನಕ ಕಾಯುತ್ತಿತ್ತು.

“ನೋಡಿದ್ರಲ್ರಿ ಅಣ್ಣಾರ? ನಿಮ್ಮ ಮುಂದ!” ನೀಲವ್ವ ಬಾಗಿಲಿಗೆ ಬಂದಿದ್ದಳು. ಕಣ್ಣು ಕೆಂಪಾಗಿದ್ದವು. “ಹಿಂಗ ಮಾಡಿನ ಎಲ್ಲಾ ಕಳದ್ರು. ಈ ಪೆಟ್ಟಿಗಿ ಹೋದ್ರ ನಾನೂ ಹುಕ್ಕೇರಿಗೆ ಹೋಗಾಕಿ. ಹೇಳಿರ್ತೇನಿ.”

ಅಜ್ಜನ ಕೈ ಸ್ವಿಚ್ಚಿನ ಮೇಲೇ ನಿಂತಿತು.

ಜೇಬಿನಲ್ಲಿ ನಾನು ಕಿತ್ತು ತಂದಿದ್ದ ಗುಂಡಿ ಇತ್ತು. ಅಜ್ಜನ ಕೈಗೆ ಕೊಟ್ಟೆ. ಮೀಟರಿನ ಎರಡೂ ತುದಿ ಹಚ್ಚಿದೆ. ಮುಷ್ಟಿ ಬಿಗಿ ಮಾಡ್ರಿ ಅಂದೆ. ಅಂಕಿ ಇಳಿಯತೊಡಗಿತು. ಹೊಲದಲ್ಲಿ ಕೆಲಸ ಮಾಡಿದ ಕೈ, ನನ್ನ ಕೈಗಿಂತ ಬಿಸಿ.

“ಇಳ್ಯಾಕತ್ತೈತಲ್ಲೋ! ನನ್ನ ಕೈಯಾಗ ಮೆತ್ತಗಾತು,” ಎಂದ ಅಜ್ಜ. ಸೊಸೆಯ ಕಡೆ ಓರೆಗಣ್ಣು ಹಾಯಿಸಿ, “ಮನಿಯಾಗಿನವ್ರಿಗಿಂತ ಇದ ಪಾಡ,” ಎಂದು ಸೇರಿಸಿದ. ಚಟ ಎಲ್ಲಿ ಹೋಗುತ್ತದೆ?

ಈ ಗುಂಡಿಯೂ ಒಂದು ಜಾತಿಯ ರೆಸಿಸ್ಟರ್. ಅದಕ್ಕೆ ಪುಸ್ತಕದಲ್ಲಿ ‘ರೋಧಕ’ ಎಂದಿರುತ್ತದೆ. ಅಂದರೆ ತಡೆ ಒಡ್ಡುವಂಥದ್ದು. ಈ ತಡೆ ನಮ್ಮ ಬಾಯಲ್ಲಿ ತಡಿ ಆಗುತ್ತದೆ. ಮನೆ ಮನಿ ಆದ ಹಾಗೆ, ಶಾಲೆ ಸಾಲಿ ಆದ ಹಾಗೆ. ಆದರೆ ನಮ್ಮಲ್ಲಿ ತಡಿ ಅಂದರೆ ಇನ್ನೊಂದು ಅರ್ಥವೂ ಇದೆಯಲ್ಲ? ಓಡಿ ಬರುವ ಹುಡುಗನಿಗೆ ‘ತಡಿ’ ಅನ್ನುತ್ತೇವೆ. ಬರಬೇಡ ಅಂತಲ್ಲ. ಸ್ವಲ್ಪ ಇರು, ಆಮೇಲೆ ಬಾ ಅಂತ. ಪುಸ್ತಕ ಬರೆದವರಿಗೆ ಸಿಗದ ಸಂಗತಿ ನಮ್ಮ ಉಚ್ಚಾರದಲ್ಲೇ ಸಿಕ್ಕಿಬಿಟ್ಟಿತ್ತು. ಅಜ್ಜನಿಗೂ ಅದನ್ನೇ ಹೇಳಿದೆ.

“ಅಜ್ಜಾರ, ಇದು ಕರೆಂಟಿಗೆ ತಡಿ ಅಂತೈತಿ. ತಣ್ಣಗಿದ್ದಾಗಷ್ಟ ಅದಕ್ಕ ಹಂಗನ್ನಾಕ ಬರ್ತೈತಿ. ಬಿಸಿ ಇದ್ದಾಗ ಬಾಯಿ ಕಟ್ಟಿರ್ತೈತಿ. ನೀವು ಟಕಾಟಕಿ ಮಾಡಿದ್ರ ಅದಕ್ಕ ಅನ್ನಾಕ ಪುರಸೊತ್ತ ಸಿಗಂಗಿಲ್ಲ.”

ಅಜ್ಜ ಬಹಳ ಹೊತ್ತು ಗುಂಡಿ ತಿರುಗಿಸಿ ನೋಡಿದ. “ಹಂಗಾರ ಕರೆಂಟ್ ಬಂದೈತಿ ಅಂತ ನನಗ ತಿಳಿಯೂದು ಹೆಂಗ?”

ಇದು ನ್ಯಾಯವಾದ ಪ್ರಶ್ನೆ. ಟೈಮರ್ ಹಾಕುವಾಗ ನಾನು ಡಬ್ಬಿಯ ಬಗ್ಗೆ ಯೋಚಿಸಿದ್ದೆ, ಹೊರಸಿನ ಬಗ್ಗೆ ಅಲ್ಲ. ಅಲ್ಲೇ ಟೈಮರಿಗಿಂತ ಮೊದಲು ಒಂದು ಕೆಂಪು ಇಂಡಿಕೇಟರ್ ದೀಪ ಕೂಡಿಸಿದೆ. ಕರೆಂಟ್ ಬಂದ ಕ್ಷಣ ಅದು ಹತ್ತುತ್ತದೆ. ಪೆಟ್ಟಿಗೆ ಆಮೇಲೆ, ತನ್ನ ಹೊತ್ತಿಗೆ. ಮೇನ್ ತೆಗೆದು ಹಾಕಿದೆ. ಕೆಂಪು ಹತ್ತಿತು. ಅಜ್ಜನ ಬೆರಳು ಸ್ವಿಚ್ಚಿನ ತನಕ ಹೋಯಿತು. ಕೆಂಪು ನೋಡಿತು. ವಾಪಸ್ ಬಂದು ತೊಡೆಯ ಮೇಲೆ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಟಕ್ ಎಂದು ಪೆಟ್ಟಿಗೆ ಬೆಳಗಿತು.

“ಬಂತು,” ಎಂದ ಅಜ್ಜ. ನೀಲವ್ವ ಚಹಾ ತಂದಾಗ ಮೊದಲ ಕಪ್ಪು ಹೊರಸಿನ ಕಡೆ ಹೋಯಿತು.

ಆಮೇಲೆ ಫ್ಯೂಸ್ ಹಾರಲಿಲ್ಲ. ಕರೆಂಟ್ ಬೇಕಾದಷ್ಟು ಸಲ ಹೋಯಿತು, ಬಂತು.

ಮೊನ್ನೆ ಮೂಡಲಗಿಯಲ್ಲಿ ಒಂದು ಕೆಲಸ ಮುಗಿಸಿ ಬರುವಾಗ ಅವರ ಮನೆಯ ಕಡೆ ಗಾಡಿ ತಿರುಗಿಸಿದೆ. ಅಂಗಳದಿಂದಲೇ ಸದ್ದು ಕೇಳಿಸಿತು. ಚಿಂವ್ ಚಿಂವ್ ಅಂತ ಒಂದಲ್ಲ, ಪಡಸಾಲೆ ತುಂಬ. ಕೆಲವು ಒಣಗಿ ಹತ್ತಿಯ ಉಂಡೆಯಾಗಿದ್ದವು, ಕೆಲವು ಇನ್ನೂ ಒದ್ದೆ. ಪೆಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ ಎಂದು ನೀಲವ್ವ ನಗುತ್ತ ಹೇಳಿದಳು. ಅವಳ ಗಂಡನೇ ಇನ್ನೊಂದು ಮರಿ ಬುಟ್ಟಿ ತರಲು ಪೇಟೆಗೆ ಹೋಗಿದ್ದನಂತೆ.

ಬಸಪ್ಪಜ್ಜ ಒಂದು ಹೂಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡಿದ್ದ. ಈ ಸಲ ನನಗೆ ಪೊಲೀಸ ಅನ್ನಲಿಲ್ಲ, ಚೇಷ್ಟೆ ಮಾಡಲಿಲ್ಲ. ಹತ್ತಿರ ಕರೆದ.

“ತಮ್ಮಾ, ನಿನಗ ಇದರ ವಿದ್ಯಾ ಗೊತ್ತೈತಿ. ಒಂದು ಖರೇ ಹೇಳು. ಹೋದ ಸಲ ಇವ್ರೆಲ್ಲಾ ಲಗ್ನಕ್ಕ ಹೋದಾಗ ಕರೆಂಟ್ ಬರೂದು ಹೋಗೂದು ಭಾಳ ಇತ್ತು. ನಾ ಒಬ್ಬನ ಇದ್ನಿ. ಭಾಳ ಸಲ ಆಡಿಸಿ ನೋಡಿದ್ನಿ. ಆ ಮರಿ ಎಲ್ಲಾ… ನನ್ನ ಕೈಲೇ ಹೋದ್ವೇನು?”

ನನಗೆ ಉತ್ತರ ಗೊತ್ತಿತ್ತು. ಅವನಿಗೂ ಗೊತ್ತಿತ್ತು ಅನಿಸುತ್ತದೆ. ಗೊತ್ತಿದ್ದವರು ಮಾತ್ರ ಹೀಗೆ ಕೇಳುತ್ತಾರೆ. ಅಂಗೈಯಲ್ಲಿದ್ದ ಮರಿ ಅವನ ಹೆಬ್ಬೆರಳನ್ನು ಕುಕ್ಕುತ್ತಿತ್ತು.

ನೀಲವ್ವ ಮರಿಗಳಿಗೆ ನೀರಿನ ತಟ್ಟೆ ಇಡುತ್ತಿದ್ದಳು. ತಲೆ ಎತ್ತದೆಯೇ ಅಂದಳು.

“ಏ, ಇಲ್ರಿ ಮಾವಾರ. ಹೋದ ಸಲದ ತತ್ತಿನ ಗೊಡ್ಡ ಇದ್ದುವು. ನಾನ ನೋಡದ ಇಟ್ಟಿದ್ನಿ. ನಿಮ್ಮ ಕೈಯಾಗೇನೈತಿ ಅದರಾಗ?”

ಅಜ್ಜ ಉಸಿರು ಬಿಟ್ಟ. ಮರಿಯನ್ನು ಮೆಲ್ಲಗೆ ಉಳಿದವುಗಳ ನಡುವೆ ಇಳಿಸಿದ.

ತಪ್ಪು ಅಂಕಿ ತೋರಿಸುವ ಮೀಟರನ್ನು ನಾನು ಒಂದು ದಿನವೂ ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ, ಆದರೆ ತತ್ತಿ ಒಡೆದು ಕಣ್ಣು, ಕೊಕ್ಕು ನೋಡಿದ್ದ ನೀಲವ್ವನ ಆ ಮಾತನ್ನು ತಿದ್ದಲಿಲ್ಲ, ನೀವಾಗಿದ್ದರೆ ತಿದ್ದುತ್ತಿದ್ದಿರಾ?